ಅನ್ನದ ಗುಡ್ಡ, ಹೋಳಿಗೆಯ ಊರು

ಖಂಡೇನವಮಿಯ ದಿನ ನಮ್ಮ ಮನೆಯಲ್ಲಿ ಹೋಳಿಗೆ ಬಾಯಿಗೆ ಬರಬೇಕಾದರೆ ಮೊದಲು ಕುರ್ದಿಸ್ತಾನದಲ್ಲಿ ಒಂದು ಊರು ಬೀಳಬೇಕಿತ್ತು. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನನಗೆ ಇಷ್ಟು ವಯಸ್ಸಾದರೂ ನಗು ಬರುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಎಲೆಯ ಮುಂದೆ ಕೈಕಟ್ಟಿ ಕೂತು, ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟುವುದನ್ನು ನೋಡಿದವರಿಗೆ ಮಾತ್ರ ಗೊತ್ತು ಆ ಸಂಕಟ. ದಾಂಡೇಲಿಯ ಕಾಗದದ ಗಿರಣಿಯ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲ ಹಿತ್ತಲು. ಗಾಳಿ ತಿರುಗಿದರೆ ಗಿರಣಿಯ ವಾಸನೆ ಹೇಳದೆ ಕೇಳದೆ ಒಳಗೆ ಬಂದು ಅನ್ನದ ಮೇಲೂ ಕೂರುತ್ತಿತ್ತು. ಖಂಡೇನವಮಿಯ ಬೆಳಿಗ್ಗೆ ಮುಂದಿನ ಕೋಣೆಯ ಗೋಡೆಗೆ ಅಪ್ಪನ ಸೈಕಲ್ಲು, ಅವನ ಪಾನಾ, ಅವ್ವನ ಈಳಿಗೆಮಣೆ, ಕುಡುಗೋಲು ಎಲ್ಲವನ್ನೂ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದೆವು. ಎಲ್ಲಕ್ಕೂ ಮೇಲೆ, ಮಣೆಯ ಮೇಲೆ, ಹಿತ್ತಾಳೆ ಬಕ್ಕಲಿನ ಒಂದು ಹಳೆಯ ಚರ್ಮದ ಸೊಂಟಪಟ್ಟಿ. ಅದು ಅಜ್ಜನ ಅಪ್ಪನದು, ಅಂದರೆ ನನ್ನ ಮುತ್ತಜ್ಜನದು. ಆತ ಬೆಳಗಾವಿಯಲ್ಲಿ ಇಂಗ್ಲಿಷರ ಪಲ್ಟಣ ಸೇರಿ, ಹಡಗು ಹತ್ತಿ, ಇರಾಕಿನ ಬಡಗಣ ಗುಡ್ಡಗಾಡಿಗೆ ಹೋಗಿದ್ದ. ಅಲ್ಲಿನ ಕುರ್ದರು ಇಂಗ್ಲಿಷರ ಮೇಲೆ ದಂಗೆ ಎದ್ದು ಸುಲೈಮಾನಿಯಾ ಎಂಬ ಊರನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಅದನ್ನು ಮರಳಿ ಕಸಿಯಲು ಹೊರಟ ದಂಡಿನಲ್ಲಿ ಮುತ್ತಜ್ಜನೂ ಒಬ್ಬ. ನಮ್ಮ ಮನೆಯ ಹಿರಿಮೆಯೆಲ್ಲ ಇಷ್ಟೇ. ಆದರೆ ಅಜ್ಜನ ಬಾಯಿಗೆ ಬಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತೇ?

ಅಜ್ಜನ ಯುದ್ಧ ನಡೆಯುತ್ತಿದ್ದುದು ಬಾಳೆಎಲೆಯ ಮೇಲೆ. ಅವನ ಎಲೆಗೆ ಅವ್ವ ಅನ್ನವನ್ನು ಎರಡು ಗುಡ್ಡವಾಗಿ ಬಡಿಸಬೇಕು, ನಡುವೆ ಎರಡು ಬೆರಳಿನಷ್ಟು ಸಂದಿ ಬಿಡಬೇಕು. ಆ ಸಂದಿಯೇ ಬಾಜಿಯಾನ್ ಕಣಿವೆ. ಕಣಿವೆಗೆ ಅಡ್ಡಲಾಗಿ ಒಂದು ಹಪ್ಪಳ, ಅದು ಕುರ್ದರು ಕಟ್ಟಿದ ಕಲ್ಲಿನ ಗೋಡೆ. ಎಣ್ಣೆಗಾಯಿಯ ಬದನೆಗಳು ದಂಗೆಯ ಮುಂದಾಳಾದ ಶೇಖನ ಸರದಾರರು. ಎಲ್ಲದರ ಹಿಂದೆ, ಎಲೆಯ ತುದಿಯಲ್ಲಿ, ತುಪ್ಪ ಸವರಿದ ಹೋಳಿಗೆ. ಅದು ಊರು. ಹಡಗು ಬಸ್ರಾ ಮುಟ್ಟುವುದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತು. ಆಮೇಲೆ ಮರಳು, ನೀರಡಿಕೆ, ಹೇಸರಗತ್ತೆಗಳು, ಬೆಳಗಿನ ಜಾವ ಗುಡ್ಡ ಹತ್ತಿದ್ದು. ಒಂದು ವರ್ಷ ಹತ್ತಿದ ಗುಡ್ಡವನ್ನು ಮರುವರ್ಷ ಇನ್ನೂ ಎತ್ತರ ಮಾಡುತ್ತಿದ್ದ. ಹಪ್ಪಳ ಮುರಿದು, ಬದನೆಗಳನ್ನು ಪಕ್ಕಕ್ಕೆ ಸರಿಸಿ, ಕೊನೆಗೆ ಹೋಳಿಗೆಯನ್ನು ನಡುವೆ ಹರಿದು "ಊರು ಬಿತ್ತು!" ಎಂದು ಕೂಗಿದ ಮೇಲೆ ನಾವು ಎಲೆಗೆ ಕೈ ಹಾಕಬೇಕು. ಅಲ್ಲಿಯವರೆಗೆ ಒಂದು ಸಂಡಿಗೆ ಕಡಿದರೂ ಕೊಲೆ ಮಾಡಿದ ಹಾಗೆ ನೋಡುತ್ತಿದ್ದ. ಅಕ್ಕಪಕ್ಕದ ಕ್ವಾರ್ಟರ್ಸಿನವರಿಗೂ ಆ ದಿನ ನಮ್ಮಲ್ಲೇ ಊಟ. ಅವರೂ ಪಾಪ ಕೈಕಟ್ಟಿಯೇ ಕೂರಬೇಕು. ಅಪ್ಪನಿಗೆ ಎರಡನೇ ಪಾಳಿ ಬಿದ್ದರಂತೂ ಮುಗಿಯಿತು. ಒಂದು ವರ್ಷ ದಂಡು ಕಣಿವೆಯ ಬಾಯಲ್ಲಿ ನಿಂತಿರುವಾಗಲೇ ಗಿರಣಿಯ ಭೋಂಗಾ ಕೂಗಿತು. ಅಪ್ಪ ಎದ್ದು, ಹೋಳಿಗೆಯನ್ನು ಡಬ್ಬಿಗೆ ತುರುಕಿಕೊಂಡು ಸೈಕಲ್ಲು ಹತ್ತಿದ. ಪೂಜೆಯ ಚೆಂಡುಹೂ ಹ್ಯಾಂಡಲ್ಲಿನಲ್ಲಿ ಹಾಗೆಯೇ ತೂಗುತ್ತಿತ್ತು. ಅಪ್ಪನ ಬದಲು ಭೋಂಗಾವೇ ಮಾತಾಡಬೇಕು ಎಂದು ಅವ್ವ ಅನ್ನುತ್ತಿದ್ದಳು. ಅಪ್ಪನ ಪಾಲಿನ ಜಗಳವನ್ನೂ ಅವಳೇ ಆಡಬೇಕಾಗಿತ್ತು.

"ಮಾವಾರ, ಸಾರು ಆರಿ ನೀರಾಗೇತ್ರಿ. ಇವತ್ತರ ಲಗೂನ ಊರು ಕೆಡವ್ರಿ."

"ಸುಮ್ನಿರವ್ವಾ ಪಾರವ್ವಾ. ದಂಡು ಇನ್ನೂ ಕಣಿವಿ ಮುಟ್ಟಿಲ್ಲ."

"ದಂಡಿಗೆ ಹಸಿವಿಲ್ಲದಿದ್ರ ಇರವಲ್ದಾಕ, ನನ್ನ ಗಂಡಗ ಐತ್ರಿ!"

ಇದು ವರ್ಷಕ್ಕೊಮ್ಮೆಯ ರಗಳೆಯಾದರೆ, ದಿನಾ ನಡೆಯುವ ರಗಳೆ ಇನ್ನೊಂದಿತ್ತು. ಅವ್ವ ಒಲೆ ಹೊತ್ತಿಸಿ ಬಡಿದ ಮೊದಲನೆಯ ರೊಟ್ಟಿ ಮನೆಯವರ ಯಾರ ಬಾಯಿಗೂ ಹೋಗಕೂಡದು. ಅದನ್ನು ಹಿತ್ತಲ ಬಾಗಿಲ ಬಳಿಯ ಕಟ್ಟೆಯ ಮೇಲೆ ಮುಚ್ಚಿಡಬೇಕು. ಬಾಗಿಲಿಗೆ ಬಂದವರು ಯಾರೇ ಇರಲಿ ಅವರಿಗೆ ಕೊಡಬೇಕು, ಯಾರೂ ಬರದಿದ್ದರೆ ಸಂಜೆ ದನಕ್ಕೆ. ಮೊದಲನೆಯ ರೊಟ್ಟಿ ದನಕ್ಕೆ ತೆಗೆದಿಡುವ ಮನೆಗಳು ಊರಲ್ಲಿ ಬೇಕಾದಷ್ಟಿದ್ದವು. ನಮ್ಮಲ್ಲಿ ಮಾತ್ರ ಅದು ಕಾನೂನು. ಖಂಡೇನವಮಿಯಂದು ರೊಟ್ಟಿಯ ಬದಲು ಮೊದಲನೆಯ ಹೋಳಿಗೆಗೆ ಆ ಯೋಗ. ಹಂಚು ಇನ್ನೂ ಸರಿಯಾಗಿ ಕಾದಿರದ ಕಾರಣ ಮೊದಲನೆಯ ರೊಟ್ಟಿ ಯಾವಾಗಲೂ ದಪ್ಪ, ಒಂದು ಕಡೆ ಬಿಳಿ, ಒಂದು ಕಡೆ ಕರಕು. ಹಾಗಾಗಿ ಅಜ್ಜನ ಕಣ್ಣು ತಪ್ಪಿಸುವಂತೆಯೂ ಇರಲಿಲ್ಲ. ಗಡಿಬಿಡಿಯಲ್ಲಿ ಅದು ಅಪ್ಪನ ತಾಟಿಗೆ ಬಿದ್ದ ದಿನ ಅಜ್ಜ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದ. ಯಾಕೆ ಎಂದು ಕೇಳಿದರೆ "ನಮ್ಮಪ್ಪ ಹೇಳ್ಯಾನ" ಎಂಬ ಒಂದೇ ಉತ್ತರ. ಆ ಒಂದು ಉತ್ತರ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಅವ್ವ ಬೇಸತ್ತು ಪಾತ್ರೆಗಳಿಗೆ ಹೇಳಿಕೊಳ್ಳುತ್ತಿದ್ದಳು.

"ಈ ಮನ್ಯಾಗ ಮೊದಲನೇ ರೊಟ್ಟಿಗಿರೋ ಮರ್ಯಾದಿ ನನಗಿಲ್ಲ ನೋಡು."

ನಾನು ಐದನೆಯ ಇಯತ್ತೆಗೆ ಬಂದ ವರ್ಷ ನನ್ನ ತಲೆಗೆ ಬೇರೊಂದು ಹುಳ ಹೊಕ್ಕಿತು. ಇಂಗ್ಲಿಷರ ವಿರುದ್ಧ ಎದ್ದು ನಿಂತವರೆಲ್ಲ ವೀರರು ಎಂದು ಶಾಲೆಯಲ್ಲಿ ಮಾಸ್ತರರು ಹೇಳಿಕೊಟ್ಟಿದ್ದರು. ನಾನು ಝಂಡಾ ಹಿಡಿದು ಹಾಡಿ, ಪೇಢೆ ತಿಂದು ಬಂದಿದ್ದೆ. ಮನೆಗೆ ಬಂದರೆ ಇಂಗ್ಲಿಷರ ಗೆಲುವಿಗೆ ನೈವೇದ್ಯ! ಅಜ್ಜನನ್ನು ಹಿಡಿದು ಕೇಳಿದೆ.

"ಅಜ್ಜಾ, ಕುರ್ದರು ಇಂಗ್ಲಿಷರ ಕೂಡ ಬಡದಾಡಿದ್ರಲ್ಲ, ಮತ್ತ ಅವರೂ ಸ್ವಾತಂತ್ರ್ಯ ಹೋರಾಟಗಾರರ ಅಲ್ಲೇನು?"

"ಅವರು ಬ್ಯಾರೆ."

"ಹೆಂಗ ಬ್ಯಾರೆ?"

"ಅವರ ಊರು ಬ್ಯಾರೆ, ಅದಕ್ಕ ಅವರು ಬ್ಯಾರೆ. ಶಾಣ್ಯಾತನ ಸಾಕು, ಉಣ್ಣು."

ಹೀಗೆ ಬಾಯಿ ಮುಚ್ಚಿಸಿದ ಮನುಷ್ಯನೇ ಆ ವರ್ಷದ ದಸರೆ ಹತ್ತಿರವಾದಾಗ ನನ್ನನ್ನು ಕರೆದು ಕೂರಿಸಿಕೊಂಡ. ಅವನ ಹಲ್ಲುಗಳು ಒಂದೊಂದಾಗಿ ಉದುರಿದ್ದವು, ಮಾತು ಉದ್ದವಾದರೆ ಉಸಿರು ಸಾಲುತ್ತಿರಲಿಲ್ಲ. ಈ ವರ್ಷ ನಾನು ಹೇಳುತ್ತೇನೆ, ಮುಂದಿನ ವರ್ಷದಿಂದ ಊರು ಕೆಡಹುವವಳು ನೀನೇ ಎಂದು ತೀರ್ಮಾನ ಕೊಟ್ಟ. ಮನೆಗೆ ನಾನೊಬ್ಬಳೇ ಮಗಳು. ಒಲ್ಲೆ ಎನ್ನಲು ನನಗೆ ಬೇಕಾದಷ್ಟು ಕಾರಣಗಳಿದ್ದವು. ಆದರೂ ನಿಜ ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಆಸೆಯಾಯಿತು. ನನ್ನ ಒಂದು ಮಾತಿಗಾಗಿ ಇಡೀ ಪಂಕ್ತಿ ಕೈಕಟ್ಟಿ ಕೂರುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಅಂದಿನಿಂದ ದಿನಾ ಸಂಜೆ ಶಾಲೆಯಿಂದ ಬಂದೊಡನೆ ಪಾಠ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಉಸಿರು ತಡೆಯಬೇಕು, ಹಪ್ಪಳ ಯಾವ ಮಾತಿಗೆ ಮುರಿಯಬೇಕು. ತಪ್ಪಿದರೆ ಮತ್ತೆ ಬಸ್ರಾದಿಂದ ಶುರು.

ಆ ಖಂಡೇನವಮಿಗೆ ಡೋಲ್ಮಕ್ಕ ಬಂದಳು. ಅವ್ವನ ತವರು ಮುಂಡಗೋಡದ ಕಡೆಯ ಪಾಳಾ. ಟಿಬೆಟಿನವರು ಬಂದು ಅಲ್ಲಿ ಹತ್ತಿರದ ಕ್ಯಾಂಪುಗಳಲ್ಲಿ ನೆಲೆ ನಿಂತ ಹೊಸದರಲ್ಲಿ ಡೋಲ್ಮಕ್ಕನ ಮನೆಯವರು ನನ್ನ ತಾಯಿಯ ತಂದೆಯ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದರಂತೆ. ಅವಳು ಕನ್ನಡ ಕಲಿತದ್ದು ಆ ಹೊಲದಲ್ಲೇ, ಹಾಗಾಗಿ ಕಣ್ಣು ಮುಚ್ಚಿ ಕೇಳಿದರೆ ಪಾಳಾದ ಹೆಣ್ಣುಮಗಳೇ. ಈಗ ಸ್ವೆಟರ್ ಮಾರುತ್ತಿದ್ದಳು. ಚಳಿಗಾಲಕ್ಕೆ ದಾಂಡೇಲಿಯ ಬಜಾರಿನಲ್ಲಿ ಕೂರಲು ಜಾಗ ಗೊತ್ತು ಮಾಡಿಕೊಳ್ಳಲೆಂದು ಬಂದವಳು, ತಾನು ಅಕ್ಕ ಎಂದು ಕರೆಯುವ ಅವ್ವನನ್ನು ನೋಡಿ ಹೋಗೋಣವೆಂದು ನಮ್ಮ ಬಾಗಿಲಿಗೆ ಬಂದಳು. ಅವ್ವ ಬಿಡುತ್ತಾಳೆಯೇ? ಕೈ ಹಿಡಿದು ಎಳೆದು ಪಂಕ್ತಿಯಲ್ಲಿ ನನ್ನ ಪಕ್ಕ ಕೂರಿಸಿದಳು. ಕತೆ ಕೇಳಲು ಹೊಸಬಳೊಬ್ಬಳು ಸಿಕ್ಕ ಖುಷಿಗೆ ಅಜ್ಜ ಆ ದಿನ ಹಡಗನ್ನು ಇನ್ನೂ ನಿಧಾನ ಬಿಟ್ಟ. ಡೋಲ್ಮಕ್ಕ ಒಂದು ಮಾತನ್ನೂ ಬಿಡದೆ ಕೇಳಿದಳು. ಅಷ್ಟು ಗಮನವಿಟ್ಟು ಅಜ್ಜನ ಕತೆಯನ್ನು ಯಾರೂ ಕೇಳಿರಲಿಲ್ಲ, ನಾವೆಲ್ಲ ಸಾರಿನ ಪಾತ್ರೆಯನ್ನು ನೋಡುವವರು. ಹಪ್ಪಳ ಮುರಿಯಿತು, ಬದನೆಗಳು ಸರಿದವು, ಹೋಳಿಗೆ ಹರಿಯಿತು, ಊರು ಬಿತ್ತು. ಎಲ್ಲರೂ ಎಲೆಯ ಮೇಲೆ ಬಿದ್ದೆವು. ಅವಳು ಮಾತ್ರ ಕೈ ಹಾಕಲಿಲ್ಲ.

"ಯಾಕವ್ವಾ, ಹೋಳಿಗಿ ಸೇರೂದಿಲ್ಲೇನು?" ಎಂದ ಅಜ್ಜ.

"ಸೇರತೈತ್ರಿ ಅಜ್ಜಾರ. ಒಂದು ಮಾತು ಕೇಳ್ಲೇನ್ರಿ? ಊರು ಬಿದ್ದಾಗ ಒಳಗಿದ್ದ ಮಂದೀದು ಊಟ ಆಗಿತ್ತೇನ್ರಿ?"

ಅಜ್ಜನ ಕೈ ಅನ್ನದಲ್ಲೇ ನಿಂತಿತು. ಇಷ್ಟು ವರ್ಷಗಳಲ್ಲಿ ಆ ಹೋಳಿಗೆಯೊಳಗೆ ಮಂದಿ ಇದ್ದಾರೆಂದು ನಮಗಾರಿಗೂ ಹೊಳೆದಿರಲಿಲ್ಲ.

"ಅದು ನಮಗ ಹೆಂಗ ಗೊತ್ತಾಕ್ಕೇತಿ?"

"ಹಂಗಲ್ರಿ, ಸುಮ್ನ ಕೇಳಿದ್ನಿ. ನಮ್ಮ ಲಾಸಾ ಚೀನಾದವರ ಕೈಗೆ ಬಿದ್ದ ದಿನ ನಮ್ಮವ್ವ ಹಿಟ್ಟು ನಾದಿ ಇಟ್ಟಿದ್ಲು. ಅದನ್ನ ಹಂಗ ಬಿಟ್ಟು ಓಡಿ ಬಂದಿವಿ. ಗುಡ್ಡ ದಾಟೂತನಕ ಅಕಿ ಅದನ್ನ ಅಂತಿದ್ಲು, ಹಿಟ್ಟು ಹಂಗ ಐತಿ, ಹಿಟ್ಟು ಹಂಗ ಐತಿ ಅಂತ. ಮತ್ತೇನೂ ಅನ್ನಲಿಲ್ರಿ."

"ನಾವೇನು ಚೀನಾದವರಲ್ಲ!" ಅಜ್ಜ ಗುಡುಗಿದ.

"ಅಲ್ರೀ ಅಜ್ಜಾರ. ನಾ ಹಂಗ ಎಲ್ಲಿ ಅಂದೇನ್ರಿ?"

ಅವಳು ಹೋಳಿಗೆಯನ್ನು ಬಾಳೆಎಲೆಯ ಚೂರಿನಲ್ಲಿ ಸುತ್ತಿಕೊಂಡು, ಹಾದಿಯಲ್ಲಿ ತಿನ್ನುತ್ತೇನೆ ಎಂದು ಹೇಳಿ, ಎಲ್ಲರಿಗೂ ಕೈಮುಗಿದು ಬಸ್ಸಿಗೆ ಹೋದಳು. ಸಿಟ್ಟು ಮಾಡಿಕೊಂಡು ಹೋಗಿದ್ದರೆ ಚೆನ್ನಾಗಿತ್ತು, ನಾವೂ ನಾಲ್ಕು ಮಾತು ಆಡಿ ಮರೆತುಬಿಡಬಹುದಿತ್ತು. ಅಜ್ಜನ ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು. ಪೂಜೆಯ ದಿನ ಸಿಕ್ಕಸಿಕ್ಕವರನ್ನು ತಂದು ಕೂರಿಸುತ್ತೀ ಎಂದ. ಅವ್ವ ಸೌಟನ್ನು ಪಾತ್ರೆಯೊಳಗೆ ಎಸೆದು, ನನ್ನ ತವರಿನವಳನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿದಿರಿ ಎಂದಳು. ಅಲ್ಲಿಂದ ಇಬ್ಬರಿಗೂ ಮಾತು ಬಂದ್. ಮಾತು ಬಿಟ್ಟವರು ಅವರು, ಕಾಲು ನೋವು ನನಗೆ. ಅಡುಗೆಮನೆಯಿಂದ ಮುಂದಿನ ಕೋಣೆಗೆ ಎಂಟು ಹೆಜ್ಜೆ. ನಿಮ್ಮಜ್ಜಗ ಚಹಾ ಬೇಕೇನು ಕೇಳು, ನಿಮ್ಮವ್ವಗ ಬ್ಯಾಡಂತ ಹೇಳು, ಹಂಗಾದ್ರ ಆರಿದ್ದು ಕುಡೀಲಿ ಅಂತ ಹೇಳು. ಇಬ್ಬರಿಗೂ ಇನ್ನೊಬ್ಬರ ಮಾತು ಸ್ವಚ್ಛವಾಗಿ ಕೇಳಿಸುತ್ತಿತ್ತು. ಆದರೂ ನಾನು ಎಂಟು ಹೆಜ್ಜೆ ನಡೆದು ಒಪ್ಪಿಸಲೇಬೇಕು. ಇಂಥ ಹಿರಿಯರನ್ನು ಕಟ್ಟಿಕೊಂಡು ನಾನು ಬೆಳೆದೆ ಎಂಬುದೇ ನನಗೆ ಆಶ್ಚರ್ಯ.

ಒಂದು ರವಿವಾರ ಅವ್ವನ ತಾಳ್ಮೆ ಪೂರ್ತಿ ಮುಗಿಯಿತು. ಬೇಕೆಂದೇ ಮೊದಲನೆಯ ರೊಟ್ಟಿಯನ್ನು ಅಜ್ಜನ ತಾಟಿಗೆ ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ದಪ್ಪ ರೊಟ್ಟಿ, ಒಂದು ಕಡೆ ಬಿಳಿ, ಒಂದು ಕಡೆ ಕರಕು. ಇಂದು ಮನೆ ಹಾರಿಹೋಗುತ್ತದೆ ಎಂದುಕೊಂಡು ನಾನು ಗೋಡೆಗೆ ಅಂಟಿ ನಿಂತೆ. ಅಜ್ಜ ರೊಟ್ಟಿಯನ್ನು ನೋಡಿದ. ಕೂಗಲಿಲ್ಲ. ತಾಟನ್ನು ಹಾಗೆಯೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದ. ಮೇಲೆ ಸುಡುವ ಬಿಸಿಲು. ಅವನ ದನಿ ಪಾಠದ ದನಿಯಾಗಿರಲಿಲ್ಲ.

"ಶಾಂತವ್ವಾ, ನಮ್ಮಪ್ಪ ಯುದ್ಧದ ಕತಿ ಎಂದೂ ಹೇಳಿಲ್ಲ. ಹಡಗು, ಗುಡ್ಡ, ಸರದಾರರು, ಎಲ್ಲಾ ನಾ ಅಲ್ಲಿಷ್ಟು ಇಲ್ಲಿಷ್ಟು ಕೇಳಿ ಕಟ್ಟಿದ್ದು. ಕಣಿವ್ಯಾಗ ಗುಂಡು ಹಾರಿದ್ದು ಖರೆ. ಅಪ್ಪ ಊರಾಗ ಹೊಕ್ಕಾಗ ಅಲ್ಲಿ ಬಡದಾಟನ ಇರಲಿಲ್ಲಂತ. ಮನಿ ಮನಿ ಹೊಕ್ಕು ಬಂದೂಕು ಹುಡುಕಾಕ ಕಳಿಸಿದ್ರಂತ."

"ಸಿಕ್ಕುವೇನು?"

"ಒಂದು ಮನ್ಯಾಗ ಯಾರೂ ಇರಲಿಲ್ಲ. ಒಲಿ ಉರೀತಿತ್ತು, ಹಂಚಿನ ಮ್ಯಾಲೆ ಒಂದು ರೊಟ್ಟಿ ಇತ್ತು. ಎರಡು ದಿನದಿಂದ ಉಂಡಿರಲಿಲ್ಲ ಅಂವ. ತಿಂದ. ತಿಂದು ಮುಗಿಸಿ ನೋಡತಾನ, ಹಾಸಿಗಿ ಗಂಟಿನ ಹಿಂದ ಒಂದು ಹುಡುಗಿ ನಿಂತೇತಿ. ನಿನ್ನಷ್ಟ ಇರಬೇಕು. ಅಳಲಿಲ್ಲ, ಚೀರಲಿಲ್ಲ. ಬರೇ ಅವನ ಕೈ ನೋಡತಿತ್ತಂತ. ಸಾಯೂಮುಂದ ಹೇಳಿದ ಇದನ್ನ, ಅದೂ ಒಂದ ಸಲ."

ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದ. ಇದು ಪಂಕ್ತಿಯಲ್ಲಿ ಹೇಳುವ ಮಾತಲ್ಲ, ಅವ್ವನಿಗೂ ಬೇಡ, ಯಾರಿಗೂ ಬೇಡ. ಪಂಕ್ತಿಯಲ್ಲಿ ಊರು ಬೀಳಬೇಕು, ಅಷ್ಟೇ. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ? ಹತ್ತು ವರ್ಷದ ಹುಡುಗಿಯ ಹೊಟ್ಟೆಗೆ ಇಂಥದನ್ನು ಹಾಕಿ, ಮೇಲೆ ಮುಚ್ಚಳ ಮುಚ್ಚಿದರೆ ಅವಳು ಏನು ಮಾಡಬೇಕು? ನಾನು ವರ್ಷವಿಡೀ ಆ ಮುಚ್ಚಳ ಹಿಡಿದುಕೊಂಡೇ ತಿರುಗಿದೆ. ಸಂಜೆಯ ಪಾಠ ಮಾತ್ರ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು. ಹಪ್ಪಳ ಮುರಿಯುವ ಮಾತು ನನಗೆ ಬಾಯಿಪಾಠವಾಯಿತು, ಅಜ್ಜ ಭೇಷ್ ಎಂದ. ರಾತ್ರಿಗೆ ರೊಟ್ಟಿ ತಿನ್ನುವಾಗ ಮಾತ್ರ ಯಾರೋ ನನ್ನ ಕೈ ನೋಡುತ್ತಿದ್ದಾರೆ ಎನಿಸುತ್ತಿತ್ತು. ಈಗ ಟಿವಿಯಲ್ಲಿ ಆ ಕಡೆಯ ಊರುಗಳ ಸುದ್ದಿ ಬಂದಾಗ ನನ್ನ ಮನೆಯವರು ಚಾನೆಲ್ ಬದಲಿಸುತ್ತಾರೆ, ಇಲ್ಲದಿದ್ದರೆ ನಾನು ಉಣ್ಣದೆ ಎದ್ದುಹೋಗುತ್ತೇನೆಂದು ಅವರಿಗೆ ಗೊತ್ತು. ಗ್ಯಾಸಿನ ಒಲೆಯ ಮೇಲೆ ಬೆಂದ ಮೊದಲನೆಯ ಚಪಾತಿ ಇಂದಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಎಷ್ಟು ಬೈದುಕೊಂಡರೂ ತೆಗೆದಿಡುತ್ತೇನೆ.

ಮರುವರ್ಷದ ಖಂಡೇನವಮಿಗೆ ಅವ್ವ ಎರಡು ಗುಡ್ಡಗಳನ್ನು ನನ್ನ ಎಲೆಗೂ ಬಡಿಸಿದಳು. ಅಷ್ಟರಲ್ಲಿ ಅವರಿಬ್ಬರಿಗೂ ಮಾತು ಬಂದಿತ್ತು, ಅಂದರೆ ಜಗಳವಾಡುವಷ್ಟು. ಅಪ್ಪನಿಗೆ ಆ ದಿನ ಮೊದಲನೇ ಪಾಳಿ, ಇನ್ನೂ ಬಂದಿರಲಿಲ್ಲ. ಅಕ್ಕಪಕ್ಕದವರೆಲ್ಲ ಕೈಕಟ್ಟಿ ಕೂತಿದ್ದರು. ಅಜ್ಜ ನನ್ನ ಎದುರಿಗೆ, ಹೊಸ ಧೋತರ ಉಟ್ಟು, ಹಲ್ಲಿಲ್ಲದ ಬಾಯಲ್ಲಿ ನನ್ನ ಮಾತುಗಳನ್ನು ನನಗಿಂತ ಮೊದಲೇ ಸದ್ದಿಲ್ಲದೆ ಆಡುತ್ತಿದ್ದ. ನಾನು ಹಡಗು ಹತ್ತಿಸಿದೆ. ಬಸ್ರಾ ಮುಟ್ಟಿಸಿದೆ. ಗುಡ್ಡ ಹತ್ತುವಾಗ ದನಿ ಏರಿಸಿದೆ, ಸರಿಯಾದ ಮಾತಿಗೆ ಹಪ್ಪಳ ಮುರಿದೆ. ಯಾರೋ "ಶಾಬಾಶ್" ಎಂದರು. ಬದನೆಗಳನ್ನು ಸರಿಸಿ ಹೋಳಿಗೆಯ ಮೇಲೆ ಕೈಯಿಟ್ಟೆ. ಅದು ಇನ್ನೂ ಬೆಚ್ಚಗಿತ್ತು. ಅಷ್ಟೇ, ಕೈ ಹರಿಯಲು ಒಪ್ಪಲಿಲ್ಲ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಊರಾಗ ಯುದ್ಧ ಆಗಲಿಲ್ಲ. ಮುತ್ತಜ್ಜ ಒಂದು ಮನಿ ಹೊಕ್ಕ. ಹಂಚಿನ ಮ್ಯಾಲೆ ರೊಟ್ಟಿ ಇತ್ತು. ಹಸದಿದ್ದ, ತಿಂದ. ಆ ಮನೀ ಹುಡುಗಿ ನೋಡಕೋತ ನಿಂತಿತ್ತು."

"ಆಮ್ಯಾಲ?" ಎಂದರು ಪಕ್ಕದ ಮನೆಯ ಕಾಕಾ, ಸರದಾರನೊಬ್ಬ ಇನ್ನೂ ಬರುವುದಿದೆ ಎಂಬಂತೆ.

"ಆಮ್ಯಾಲ ಏನಿಲ್ಲರಿ. ಅಷ್ಟ."

ಅಜ್ಜನ ತುಟಿಗಳು ನಿಂತುಹೋಗಿದ್ದವು. ಅವನ ಮುಖವನ್ನು ನೋಡುವ ಧೈರ್ಯ ನನಗೆ ಸಾಲಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಮಾಡಿದ ಆಣೆಯನ್ನು ಮುರಿದಿದ್ದೆ, ಅದೂ ಅವನು ವರ್ಷವಿಡೀ ತಿದ್ದಿ ತೀಡಿ ಕಲಿಸಿದ ದನಿಯಲ್ಲೇ. ಅವನ ಅಪ್ಪನನ್ನು ಇಡೀ ಓಣಿಯ ಮುಂದೆ ಪರರ ಮನೆಯ ರೊಟ್ಟಿ ತಿಂದವನನ್ನಾಗಿ ಮಾಡಿದ್ದೆ. ಸರಿ ಮಾಡಿದೆನೋ, ಸೊಕ್ಕು ಮಾಡಿದೆನೋ, ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ, ಬಗೆಹರಿಯದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅವ್ವ ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಅಜ್ಜನನ್ನೂ ನೋಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ, ಬುಟ್ಟಿಯ ಕೆಳಗೆ, ತಾನೇ ತೆಗೆದಿಟ್ಟಿದ್ದ ಮೊದಲನೆಯ ಹೋಳಿಗೆಯ ಕಡೆ ನೋಡುತ್ತಿದ್ದಳು. ಇಷ್ಟು ವರ್ಷ ಅದನ್ನು ಶಪಿಸುತ್ತಲೇ ಮುಚ್ಚಿಟ್ಟವಳು. ಸಾರು ಆರುತ್ತಿದೆ ಎಂದು ಆ ದಿನ ಅವಳು ಅನ್ನಲಿಲ್ಲ. ಹಸಿದ ಪಂಕ್ತಿಗೆ ಉಣ್ಣಬೇಕೋ ಬೇಡವೋ ತಿಳಿಯಲಿಲ್ಲ. "ಊರು ಬಿತ್ತು" ಎಂದು ಕೇಳದೆ ಆ ಮನೆಯಲ್ಲಿ ಯಾರೂ ಎಲೆಗೆ ಕೈ ಹಾಕಿದ್ದೇ ಇರಲಿಲ್ಲ.

ಆಗ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಡೋಲ್ಮಕ್ಕ. ತಲೆಯ ಮೇಲೆ ಸ್ವೆಟರಿನ ಗಂಟು, ಕೈಯಲ್ಲಿ ಚಪ್ಪಲಿ. ನಾವೆಲ್ಲ ಸುಮ್ಮನೆ ಕೂತದ್ದನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಕತಿ ಇನ್ನೂ ಮುಗದಿಲ್ಲೇನ್ರಿ ಅಜ್ಜಾರ? ಊರು ಬಿದ್ದು, ಎಲ್ಲಾರದೂ ಉಂಡು ಆಗಿರಬೇಕು ಅಂತ ಬೇಕಂತನ ತಡಾ ಮಾಡಿ ಬಂದೇನ್ರಿ."

ಅಜ್ಜ ನನ್ನ ಎಲೆಯತ್ತ ನೋಡಿದ. ಹಪ್ಪಳ ಚೂರಾಗಿತ್ತು, ಹೋಳಿಗೆ ಇಡಿಯಾಗಿ ಬಿದ್ದಿತ್ತು. ನೆಲಕ್ಕೆ ಕೈಯೂರಿ, ಮಂಡಿ ಹಿಡಿದುಕೊಂಡು ಎದ್ದ. ಹಿತ್ತಲ ಕಟ್ಟೆಗೆ ಹೋಗಿ ಬುಟ್ಟಿ ಎತ್ತಿ, ಕರಕಾದ ಆ ಮೊದಲನೆಯ ಹೋಳಿಗೆಯನ್ನು ತಂದು ತನ್ನ ಎಲೆಯ ಮೇಲೆ ಇಟ್ಟ. ಎಲೆಯನ್ನು ಅವಳ ಕಡೆ ತಿರುಗಿಸಿ ತಾನು ಗೋಡೆಗೆ ಸರಿದು ಕೂತ.

"ಇಲ್ಲವ್ವಾ, ಈ ವರ್ಷ ಊರು ಬೀಳಲಿಲ್ಲ," ಎಂದ. "ಬಾ, ಕೂಡು."